ಎರಡು ಕಮಾನಿನ ಮುದ್ರೆ

ಫೆಬ್ರವರಿ ೧೨

ಸೂಜಿಗಣ್ಣಿಗೆ,

ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಎದ್ದು ಹೋದೆ. ನಿನ್ನ ಗಂಡ ಪಾಪ, ನಿನ್ನ ಹಿಂದೆ ಓಡುವ ಗಡಿಬಿಡಿಯಲ್ಲಿ ಬಲಗಾಲಿಗೆ ನನ್ನ ಚಪ್ಪಲಿ, ಎಡಗಾಲಿಗೆ ತನ್ನದು ಹಾಕಿಕೊಂಡು ಹೋಗಿದ್ದಾನೆ. ಒಂದಕ್ಕೊಂದು ಸೇರದ ಜೋಡಿಯನ್ನು ಗುರುತಿಸಲು ಅವನಿಗೆ ಬಂದೂಕಿನಲ್ಲಷ್ಟೇ ಅಲ್ಲ, ಚಪ್ಪಲಿಯಲ್ಲೂ ಬರುವುದಿಲ್ಲ ಎಂದಾಯಿತು.

ನಾನು ಮಾಡಿದ ತಪ್ಪೇನು ಹೇಳು. ಭಾನುವಾರದ ನಮ್ಮ ಹಳೇ ಬಂದೂಕಿನ ಕೂಟದಲ್ಲಿ ಯಾರು ಏನು ತಂದರೂ ನನ್ನ ಕೈಗೆ ಕೊಡುತ್ತಾರೆ. ಅದು ಯಾವ ಕಾರ್ಖಾನೆಯದು, ಯಾವ ಯುದ್ಧದ್ದು, ಅಸಲೋ ನಕಲೋ ನಾನು ಹೇಳುತ್ತೇನೆ. ಇಷ್ಟು ವರ್ಷದಿಂದ ನಡೆದುಬಂದದ್ದು ಇದೇ. ನಿನ್ನ ಗಂಡ ಒಂದು ಬಂದೂಕನ್ನು ಎಳೆಮಗುವನ್ನು ತಂದ ಹಾಗೆ ಕಂಬಳಿಯಲ್ಲಿ ಸುತ್ತಿಕೊಂಡು ಬಂದು, ಎಲ್ಲರ ಊಟದ ತಟ್ಟೆಗಳ ನಡುವೆ ಬಿಚ್ಚಿಟ್ಟು, "ಮಾವ, ಇದು ಕಾರ್ಬೈನು. ಸೇತುವೆ ಕಾವಲಿನೋರದ್ದು" ಅಂದ. ಕೇಳಲಿಲ್ಲ, ಹೇಳಿದ! ನನ್ನ ಮನೆಯಲ್ಲಿ, ನನಗೆ!

ನಾನು ಹೆಬ್ಬೆರಳು ಆಡಿಸಿದೆ. ನಳಿಗೆಯ ತುದಿಯಲ್ಲಿ, ಗುರಿ ನೋಡುವ ಮೊನೆಯ ಬುಡದಲ್ಲಿ, ಬೆಸುಗೆಯ ಗಂಟು ಸಿಕ್ಕಿತು. ಕಾರ್ಬೈನು ಹುಟ್ಟುವಾಗಲೇ ಗಿಡ್ಡ. ಕುದುರೆ ಮೇಲೆ ಕೂತವನಿಗೆ ಉದ್ದದ ರೈಫಲ್ ಅಡ್ಡಿಯಾಗುತ್ತದೆಂದು ಹಾಗೆ ಮಾಡಿದ್ದು. ಉದ್ದದ್ದನ್ನು ಗರಗಸದಲ್ಲಿ ಕೊಯ್ದು, ಮೊನೆಯನ್ನು ಹಿಂದಕ್ಕೆ ತಂದು ಬೆಸೆದರೆ ಅದು ಕಾರ್ಬೈನು ಆಗುವುದಿಲ್ಲ, ಮೋಸ ಆಗುತ್ತದೆ. ಇದನ್ನು ನೀನು ಹಾಲುಹಲ್ಲಿನ ವಯಸ್ಸಿನಲ್ಲೇ ಬಾಯಿಪಾಠ ಒಪ್ಪಿಸುತ್ತಿದ್ದೆ. "ಇದು ಕಾರ್ಬೈನ್ ಅಲ್ಲಪ್ಪ, ಯಾರೋ ರೈಫಲ್‌ಗೆ ಕ್ಷೌರ ಮಾಡಿದಾರೆ" ಅಂದೆ. ಎಲ್ಲರೂ ನಕ್ಕರು. ಮ್ಯೂಸಿಯಂನಿಂದ ನಿವೃತ್ತನಾದ ನಮ್ಮ ಗೆಳೆಯನಿಗೆ ನಕ್ಕು ನಕ್ಕು ಕುಡಿಯುತ್ತಿದ್ದ ನೀರು ಮೂಗಿಗೆ ಏರಿತು. ಊರಿಗೆಲ್ಲ ಕಣ್ಣು ಕೊಡುವ ಕನ್ನಡಕದ ಅಂಗಡಿ ಇಟ್ಟುಕೊಂಡು ತನ್ನ ಕಣ್ಣು ಮನೆಯಲ್ಲಿ ಮರೆತು ಬಂದಿದ್ದಾನೆ ಎಂದು ನಾನು ಅಂದದ್ದು ಆಮೇಲೆ. ಅದಕ್ಕೇ ನೀನು ಎದ್ದದ್ದು ಅಂತ ಕಾಣುತ್ತದೆ.

ಬರುವ ತಿಂಗಳು ಒಂದು ಪೆಟ್ಟಿಗೆ ಮಾಲು ಬರಲಿದೆ. ಎಂದಿನಂತೆ ಬಂದು ಬಂದೂಕುಗಳ ಮೇಲಿನ ನಂಬರುಗಳನ್ನು ಓದಿಕೊಡು. ಚಪ್ಪಲಿಯನ್ನೂ ತಾ.

ನಿನ್ನ ಅಪ್ಪ


ಫೆಬ್ರವರಿ ೨೦

ಅಪ್ಪನಿಗೆ,

ಚಪ್ಪಲಿಯನ್ನು ಬಸ್ಸಿನ ಪಾರ್ಸಲ್‌ನಲ್ಲಿ ಕಳಿಸಿದ್ದೇನೆ. ಇವರದ್ದನ್ನು ವಾಪಸ್ ಕಳಿಸುವುದು ಬೇಡ, ಹೊಸದು ಕೊಂಡಿದ್ದಾರೆ.

ಆ ಬಂದೂಕು ಇವರಿಗೆ ಹೇಗೆ ಸಿಕ್ಕಿತೆಂದು ನೀವು ಕೇಳಲೇ ಇಲ್ಲ. ಹಳೇ ಸೇತುವೆಯ ಕಾವಲುಗಾರನ ಹೆಂಡತಿ, ಈಗ ಹಣ್ಣುಹಣ್ಣು ಮುದುಕಿ, ಇವರ ಅಂಗಡಿಗೆ ಬಂದಿದ್ದಳು. ಇವರು ಆಕೆಗೆ ಕನ್ನಡಕ ಮಾಡಿಕೊಟ್ಟರು. ಅಂಗಡಿಯಲ್ಲೇ ಕೂತು ಸೂಜಿಗೆ ದಾರ ಪೋಣಿಸಿ, "ನನ್ನ ಕೈ ನಂಗೆ ಕಾಣ್ತಿದೆ ಕಣಪ್ಪಾ" ಎಂದು ಅತ್ತಳಂತೆ. ಮಾರನೆಯ ವಾರ ಬಾಗಿಲ ಹಿಂದೆ ತೂಗುಹಾಕಿದ್ದ ಗಂಡನ ಬಂದೂಕನ್ನು ಇಳಿಸಿ ತಂದುಕೊಟ್ಟಳು. ಇವರು ಅದಕ್ಕೆ ಎಣ್ಣೆ ಸೋಕಿಸಲಿಲ್ಲ, ಧೂಳು ಒರೆಸಲಿಲ್ಲ. 'ಹಳೆಯದನ್ನು ತೊಳೆಯುವುದೂ ಒಂದೇ, ಕೊಲ್ಲುವುದೂ ಒಂದೇ' ಎಂದು ನೀವು ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದರು. ಭಾನುವಾರ ಯಾವಾಗ ಬರುತ್ತದೆಂದು ಕಾಯುತ್ತಿದ್ದರು. ಮದುವೆಯಾದಾಗಿನಿಂದ ನಿಮ್ಮ ಬಾಯಿಂದ ಒಂದೇ ಒಂದು 'ಭೇಷ್' ಕೇಳುವ ಆಸೆ ಅವರಿಗೆ. ನಗಬೇಡಿ.

ಮರ ಬಿಚ್ಚುವ ತನಕ ಬಾಯಿ ಬಿಚ್ಚಬಾರದು ಎಂಬುದು ನಿಮ್ಮದೇ ನಿಯಮ. ನಳಿಗೆಯನ್ನು ಮರದಿಂದ ಬಿಡಿಸಿ, ಅಡಿಭಾಗದ ಮುದ್ರೆಗಳನ್ನು ನೋಡಿಯೇ ತೀರ್ಪು. ಆ ದಿನ ನೀವು ಮರ ಬಿಚ್ಚಲಿಲ್ಲ. "ಅಪ್ಪಾ, ಬಿಚ್ಚಿ ನೋಡಲ್ವಾ?" ಎಂದು ನಾನು ಕೇಳಿದೆ. "ಕತ್ತೇನ ಕುದುರೆ ಅಲ್ಲ ಅನ್ನೋಕೆ ಹೊಟ್ಟೆ ಕೊಯ್ದು ನೋಡ್ಬೇಕಾ?" ಅಂದಿರಿ. ಮತ್ತೊಂದು ನಗು.

ಇವರಿಗೊಂದು ಸಾಲು ಬರೆಯಿರಿ ಅಪ್ಪಾ. ಕ್ಷಮೆ ಎಂಬ ಮಾತು ಬೇಡ. ಬಿಚ್ಚಿ ನೋಡಬೇಕಿತ್ತು ಎಂದಷ್ಟೇ ಸಾಕು.

ನಿಮ್ಮ ಮಗಳು


ಮಾರ್ಚ್ ೪

ಸೂಜಿಗಣ್ಣಿಗೆ,

ಭೇಷ್ ಎಂಬುದು ಕಡಲೆಕಾಯಿಯಲ್ಲ, ಕೇಳಿದವರಿಗೆಲ್ಲ ಬೊಗಸೆ ತುಂಬ ಕೊಡಲು. ನಿನ್ನ ಅಮ್ಮನೂ ಜೀವನವಿಡೀ ಅದನ್ನೇ ಕಾಯುತ್ತಿದ್ದಳು. ಕೊಡಲಿಲ್ಲವೆಂದು ಅವಳೇನೂ ಸಾಯಲಿಲ್ಲ, ಸತ್ತದ್ದು ಬೇರೆ ಕಾರಣಕ್ಕೆ.

ಹೆಬ್ಬೆರಳು ಹೇಳಿದ ಮೇಲೆ ಮರ ಬಿಚ್ಚುವುದು ಕಲಿಯುವವರ ಕೆಲಸ. ನಿಯಮ ಮಾಡಿದ್ದು ನಾನು, ಯಾವಾಗ ಬೇಡವೆಂಬುದೂ ನನಗೇ ಗೊತ್ತು. ಭೂತಗನ್ನಡಿ ಹಿಡಿದು ಬಗ್ಗಿ ಬಗ್ಗಿ ನೋಡುವವರನ್ನೂ, ಮೂಗಿನ ಮೇಲೆ ಗಾಜು ಏರಿಸಿಕೊಂಡ ಪರೀಕ್ಷಕರನ್ನೂ ನಾನು ಎಷ್ಟು ಲೆಕ್ಕಕ್ಕೆ ಇಟ್ಟಿದ್ದೇನೆಂದು ನಿನಗೆ ಗೊತ್ತಲ್ಲ.

ಒಂದು ಸುದ್ದಿ. ನಿನ್ನ ಗಂಡನಿಗೆ ಕೂಟದಲ್ಲಿ 'ಕತ್ತರಿ' ಎಂದು ನಾಮಕರಣವಾಗಿದೆ. ಹೆಸರಿಟ್ಟವನು ಮ್ಯೂಸಿಯಂ ಗೆಳೆಯ, ನಾನಲ್ಲ. ನಾನು ಚಪ್ಪಾಳೆ ತಟ್ಟಿದೆ ಅಷ್ಟೆ. ಕಳೆದ ಭಾನುವಾರ ಯಾರೋ, "ಕತ್ತರಿ ಬರಲಿಲ್ವಾ?" ಅಂದರು. "ಸಾಣೆಗೆ ಹೋಗಿದೆ" ಅಂದೆ. ಬಹಳ ದಿನದ ಮೇಲೆ ಅಷ್ಟು ಚೆನ್ನಾಗಿ ನಕ್ಕೆವು.

ಪೆಟ್ಟಿಗೆ ಬಂದಿದೆ, ಹಾಗೇ ಬಿದ್ದಿದೆ. ಈಚೆಗೆ ಮನೆಯಲ್ಲಿ ಬೆಳಕು ಸಾಲದು. ನೀನು ಬಂದು ಓದಬೇಕು. ಹಾಂ, ನಿನ್ನ ಪತ್ರದ ಅಕ್ಷರವನ್ನೂ ದೊಡ್ಡದಾಗಿ ಬರೆ. ಶಾಯಿ ಮಾಡುವವರು ಈಗ ನೀರು ಬೆರೆಸುತ್ತಿದ್ದಾರೆ, ಏನೂ ಕಾಣುವುದಿಲ್ಲ.

ನಿನ್ನ ಅಪ್ಪ


ಮೇ ೧೭

ಅಪ್ಪನಿಗೆ,

ದೊಡ್ಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ.

ಇವರು ತಮ್ಮ ಕಪಾಟು ಖಾಲಿ ಮಾಡಿದರು. ಬಯೊನೆಟ್ಟುಗಳು, ತೋಟಾ ಚೀಲಗಳು, ಮುರಿದ ಬೋಲ್ಟುಗಳು, ಅಷ್ಟು ವರ್ಷ ಹುಡುಕಿ ಹುಡುಕಿ ತಂದಿದ್ದೆಲ್ಲ ಗುಜರಿಗೆ ಹೋಯಿತು. ಸೇತುವೆಯದ್ದನ್ನು ಮಾತ್ರ ಮುದುಕಿ ಕೊಟ್ಟಿದ್ದೆಂದು ಅದೇ ಕಂಬಳಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ. ಕಪಾಟಿನಲ್ಲಿ ಈಗ ಹಾಸಿಗೆ ಹೊದಿಕೆ ಇದೆ.

ನಿಮ್ಮ ಕೂಟದವರೊಬ್ಬರು ಅಂಗಡಿಗೆ ಬಂದಿದ್ದರು. "ಏನ್ರೀ ಕತ್ತರಿ, ಫ್ರೇಮಿಗೂ ಕ್ಷೌರ ಮಾಡ್ತೀರಾ?" ಎಂದರಂತೆ. ಇವರೂ ನಕ್ಕು, ಗಾಜು ಕೂರಿಸಿ, ಬಟ್ಟೆಯಲ್ಲಿ ಒರೆಸಿ ಕೊಟ್ಟು ಕಳಿಸಿದರು. ಇದನ್ನು ನನಗೆ ಹೇಳಿದ್ದು ಇವರಲ್ಲ, ಪಕ್ಕದ ದರ್ಜಿ.

ಈಗ ಇವರು ಯಾವುದನ್ನೂ ಇದು ಇಂಥದ್ದು ಎಂದು ಹೇಳುವುದಿಲ್ಲ. ತರಕಾರಿ ತಂದರೆ, "ಸರಿ ಇದೆಯಾ ನೀನೇ ನೋಡು" ಅನ್ನುತ್ತಾರೆ. ಮೊನ್ನೆ ಬೀದಿಯಲ್ಲಿ ಯಾರೋ ದಾರಿ ಕೇಳಿದರು. ಹುಟ್ಟಿದಾಗಿನಿಂದ ಓಡಾಡಿದ ಬೀದಿ. ಇವರು ನನ್ನ ಮುಖ ನೋಡಿದರು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

ನಾನು ಬರುವುದಿಲ್ಲ. ಪೆಟ್ಟಿಗೆ ಬಿದ್ದಿರಲಿ.

ನಿಮ್ಮ ಮಗಳು


ಜುಲೈ ೨

ನನ್ನ ಮುದ್ದು ಸೂಜಿಗಣ್ಣಿಗೆ,

ಹೇಗಿದ್ದೀಯ? ಅಳಿಯಂದಿರು ಹೇಗಿದ್ದಾರೆ? ನಿನ್ನ ಪತ್ರ ಬಂದಾಗಿನಿಂದ ನನಗೂ ಮನಸ್ಸು ಸರಿಯಿಲ್ಲ. ವಯಸ್ಸಾಯಿತು, ನಾಲಿಗೆ ಮಾತ್ರ ಇನ್ನೂ ಪ್ರಾಯದಲ್ಲಿದೆ. ಏನು ಮಾಡಲಿ?

ಯೋಚನೆ ಮಾಡಿ ನೋಡಿದೆ. ಆ ತುಂಡು ಬಂದೂಕು ನಿಮ್ಮ ಅಟ್ಟದ ಮೇಲೆ ಇರುವ ತನಕ ಅವನ ಕೊರಗು ಹೋಗುವುದಿಲ್ಲ. ಕಣ್ಣೆದುರಿನಿಂದ ದೂರ ಮಾಡುವುದೇ ಒಳ್ಳೆಯದು. ನನಗೆ ಕಳಿಸಿಬಿಡು. ನನ್ನ ಒಂದು ರೈಫಲ್‌ನ ತಿರುಪು ಸವೆದಿದೆ, ಇದರದ್ದು ಹೊಂದಬಹುದು. ಮಿಕ್ಕಿದ್ದನ್ನು ಒಲೆಗೋ ಗುಜರಿಗೋ ಹಾಕುತ್ತೇನೆ, ನಿಮಗೆ ಆ ತಾಪತ್ರಯವೂ ಬೇಡ.

ಬಿಚ್ಚಬೇಡ. ಒರೆಸಬೇಡ. ಇದ್ದ ಹಾಗೇ ಕಳಿಸು. ಆ ಮುದುಕಿ ಯಾವ ಸೇತುವೆ ಅಂದಿದ್ದಳು? ಸುಮ್ಮನೆ ಕೇಳಿದೆ.

ನಿನ್ನನ್ನೇ ನೆನೆಯುವ
ಅಪ್ಪ


ಆಗಸ್ಟ್ ೯

ಪ್ರೀತಿಯ ಅಪ್ಪನಿಗೆ,

ನೀವು ಮುದ್ದು ಎಂದು ಬರೆದದ್ದು ನನಗೆ ತಿಳಿದಂತೆ ಇದೇ ಮೊದಲು. ಪತ್ರವನ್ನು ಮತ್ತೆ ಮತ್ತೆ ಓದಿದೆ.

ಕೇಳಿದ್ದನ್ನು ಕಳಿಸುತ್ತಿದ್ದೇನೆ. ತಡವಾಯಿತು, ಪೆಟ್ಟಿಗೆಗೆ ಗಟ್ಟಿ ಮರ ಹುಡುಕಬೇಕಾಯಿತು. ಇವರಿಗೆ ಬೇಸರವಿಲ್ಲ. "ಮಾವನೋರು ಬಾಯಿಬಿಟ್ಟು ಕೇಳಿದಾರೆ ಅಂದ್ಮೇಲೆ ಕೊಟ್ಬಿಡು" ಎಂದರು.

ಪೆಟ್ಟಿಗೆಯ ಮೂಲೆಯಲ್ಲಿ ಒಂದು ಕನ್ನಡಕ ಇದೆ. ಇವರು ಕೈಯಾರೆ ಮಾಡಿದ್ದು. ನಿಮ್ಮ ಕಣ್ಣಿನ ಅಳತೆ ತೆಗೆದಿಲ್ಲ, ನೀವು ವಸ್ತುವನ್ನು ಎಷ್ಟು ದೂರ ಹಿಡಿಯುತ್ತೀರೆಂದು ಗಮನಿಸಿ ಅಂದಾಜಿನ ಮೇಲೆ ಮಾಡಿದ್ದಾರೆ. ಹಾಕಿಕೊಂಡು ನೋಡಲು ಹೇಳು ಅಂದರು. ನಾನೂ ಹೇಳುತ್ತಿದ್ದೇನೆ. ಒಂದು ಸಲ, ಒಂದೇ ಸಲ, ಅದನ್ನು ಹಾಕಿಕೊಂಡು ನೋಡಿ ಅಪ್ಪಾ.

ನಿಮ್ಮ ಸೂಜಿಗಣ್ಣಿ


ಆಗಸ್ಟ್ ೨೮

ಸೂಜಿಗಣ್ಣಿಗೆ,

ಈಗ ಹೇಳುತ್ತೇನೆ ಕೇಳು. ಹೊಟ್ಟೆಯೊಳಗೆ ಇಟ್ಟುಕೊಂಡು ಸಾಕಾಗಿದೆ. ನೀನು ಕಳಿಸಿದ್ದು ಅಸಲಿ!

ಜೂನ್ ಕೊನೆಯಲ್ಲಿ ಮ್ಯೂಸಿಯಂ ಗೆಳೆಯ ಹಳೇ ಕಡತವೊಂದರಲ್ಲಿ ಆಗಷ್ಟೇ ಓದಿದ ಸಂಗತಿ ಹೇಳಿದ. ಯುದ್ಧದ ಕೊನೆಗೆ ಶಸ್ತ್ರ ಕಾರ್ಖಾನೆಯಲ್ಲಿ ಹೊಸ ನಳಿಗೆಗೆ ಕಬ್ಬಿಣ ಇರಲಿಲ್ಲವಂತೆ. ಸೇತುವೆ ಕಾವಲಿನವರಿಗೆ ಗಿಡ್ಡ ಬಂದೂಕು ಬೇಕಿತ್ತು. ಕಾರ್ಖಾನೆಯವರೇ ಹಳೇ ರೈಫಲ್‌ಗಳನ್ನು ಕೊಯ್ದು, ಮೊನೆ ಬೆಸೆದು ಕೊಟ್ಟರಂತೆ. ಅಸಲಿ ಎಂಬುದಕ್ಕೆ ನಳಿಗೆಯ ಅಡಿಯಲ್ಲಿ, ಮರದ ಮರೆಯಲ್ಲಿ, ಒಂದು ಮುದ್ರೆ: ಪಕ್ಕಪಕ್ಕದಲ್ಲಿ ಎರಡು ಕಮಾನು, ಸೇತುವೆಯ ಗುರುತು. ಅವನೂ ಕಣ್ಣಾರೆ ನೋಡಿಲ್ಲ. ಉಳಿದಿರುವುದೇ ಬೆರಳೆಣಿಕೆ. ನನ್ನ ಗೋಡೆಯಲ್ಲಿ ಇಲ್ಲದ ಕಾರ್ಬೈನು ಇದೊಂದೇ ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಪೆಟ್ಟಿಗೆ ಬಂದ ಕೂಡಲೇ ಕೋಣೆಯ ಬಾಗಿಲು ಹಾಕಿಕೊಂಡು ಮರ ಬಿಚ್ಚಿದೆ. ಹೆಬ್ಬೆರಳಿಗೆ ಎರಡೂ ಕಮಾನು ಸಿಕ್ಕವು ಕಣೇ! ಒಂದರ ಪಕ್ಕ ಒಂದು. ಎರಡೂ ಬದಿಗೆ ಒಂದೊಂದು ಸಣ್ಣ ಗೀರು ಇದೆ, ಸೇತುವೆಯ ದಡ ಇರಬೇಕು. ಅದನ್ನು ಮ್ಯೂಸಿಯಂನವನು ಹೇಳಿರಲಿಲ್ಲ, ಅವನಿಗೆ ಎಲ್ಲಿ ಗೊತ್ತು! ನಾನೇ ಮೊದಲು ಕಂಡವನು.

ತಿರುಪಿನ ಮಾತನ್ನು ನೀನು ನಂಬಿಬಿಟ್ಟೆಯಲ್ಲ! ನನ್ನ ಕೈಯಲ್ಲಿ ಬೆಳೆದವಳು! ನಿನ್ನ ಗಂಡನ ವಿಷಯ ಬಿಡು, ಮನೆಯೊಳಗಿದ್ದ ನಿಧಿಯನ್ನು ಪೆಟ್ಟಿಗೆ ಮಾಡಿಸಿ ಕಳಿಸಿಕೊಟ್ಟವನು. ಮುಂದಿನ ತಿಂಗಳು ಪುರಭವನದಲ್ಲಿ ನಮ್ಮ ಕೂಟದ ಪ್ರದರ್ಶನ. ಮರ ಬಿಚ್ಚಿ, ನಳಿಗೆಯನ್ನು ಅಂಗಾತ ಮಲಗಿಸಿ, ಮುದ್ರೆ ಕಾಣುವ ಹಾಗೆ ಇಡುತ್ತೇನೆ. ಚೀಟಿಯ ಮೇಲೆ ಗುರುತಿಸಿದವರು ಎಂದು ನನ್ನ ಹೆಸರು. ಅಲ್ಲಿಯ ತನಕ ಯಾರಿಗೂ ತೋರಿಸುವುದಿಲ್ಲ. ಕತ್ತರಿಯೂ ಬಂದು ನೋಡಲಿ. ಹಿಂದಿನ ಸಾಲಿನಲ್ಲಿ ನಿಂತುಕೊಂಡರೆ ನನ್ನ ಅಭ್ಯಂತರವಿಲ್ಲ.

ಕನ್ನಡಕವನ್ನು ಮನೆಕೆಲಸದವಳಿಗೆ ಕೊಟ್ಟೆ, ಅವಳ ಗಂಡ ಹಾಕಿಕೊಳ್ಳುತ್ತಾನಂತೆ. ನನಗೆ ಯಾಕೆ ಬೇಕು ಅದು?

ನಿನ್ನ ಅಪ್ಪ


ಸೆಪ್ಟೆಂಬರ್ ೨೫

ಅಪ್ಪನಿಗೆ,

ಈ ಪತ್ರವನ್ನು ಬೇಕೆಂದೇ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನೀವಾಗಿ ಓದಲಾರಿರಿ. ಯಾರ ಕೈಯಲ್ಲಾದರೂ ಗಟ್ಟಿಯಾಗಿ ಓದಿಸಿಕೊಳ್ಳಬೇಕು, ಓದುವವರಿಗೂ ಗೊತ್ತಾಗಬೇಕು.

ತಿರುಪಿನ ಮಾತನ್ನು ನಾನು ನಂಬಲಿಲ್ಲ. ಒಂದು ತಿರುಪಿಗಾಗಿ ಯಾರ ಮುಂದೂ ಕೈಚಾಚಿದವರಲ್ಲ ನೀವು. ಮುದ್ದು ಎಂಬ ಮಾತು ಕಂಡಾಗಲೇ ನನಗೆ ಅನುಮಾನ ಬಂತು. ಅಟ್ಟದಿಂದ ಕಂಬಳಿ ಇಳಿಸಿ ನಾನೇ ಮರ ಬಿಚ್ಚಿದೆ. ಕಾರ್ಖಾನೆಯದೇ ಮುದ್ರೆ, ಎರಡು ಕಮಾನು, ನಿನ್ನೆ ಒತ್ತಿದ ಹಾಗೆ ಇತ್ತು. ಇವರಿಗೆ ತೋರಿಸಿದೆ. ಗೆದ್ದೆ ಎಂದು ಕುಣಿಯುತ್ತಾರೆ ಅಂದುಕೊಂಡಿದ್ದೆ. ಇವರು ಬಹಳ ಹೊತ್ತು ನೋಡಿ, "ಮಾವನೋರಿಗೆ ಕಣ್ಣು ಕಾಣಲ್ಲ ಕಣೇ" ಅಂದರು. "ಆವತ್ತು ಬಂದೂಕನ್ನ ತಲೆಕೆಳಗಾಗಿ ಹಿಡ್ಕೊಂಡು ನಂಬರ್ ಓದ್ತಿದ್ರು. ಎಲ್ಲರ ಎದುರು ಹೇಗೆ ಹೇಳೋದು? ನಕ್ಕರೆ ನನ್ನನ್ನೇ ನೋಡಿ ನಗಲಿ ಅಂತ ಸುಮ್ನಿದ್ದೆ. ಈಗ ಇದನ್ನ ಕೊಟ್ಬಿಡು. ಜೊತೆಗೆ ಒಂದು ಕನ್ನಡಕ ಮಾಡ್ತೀನಿ."

ಇವರು ಕನ್ನಡಕ ಮಾಡಿದರು. ನಾನು ಬಂದೂಕು ಮಾಡಿದೆ.

ಅಸಲಿಯನ್ನು ಅಟ್ಟದಲ್ಲೇ ಬಚ್ಚಿಟ್ಟು, ಇವರಿಗೆ ತಿಳಿಯದ ಹಾಗೆ ಗುಜರಿಯಿಂದ ತುಕ್ಕು ಹಿಡಿದ ಹಳೇ ರೈಫಲ್ ತಂದೆ. ಲೇತ್ ಕೆಲಸದವನ ಹತ್ತಿರ ನಳಿಗೆ ಕೊಯ್ಯಿಸಿ, ಮೊನೆಗೆ ಬೆಸುಗೆ ಹಾಕಿಸಿದೆ. ಹೊಸ ಗಾಯ ಕಾಣದ ಹಾಗೆ ಉಪ್ಪುನೀರಿನ ಗೋಣಿಯಲ್ಲಿ ಸುತ್ತಿಟ್ಟೆ. ಕಳ್ಳರು ಏನೇನು ಮಾಡುತ್ತಾರೆಂದು ಚಿಕ್ಕಂದಿನಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರು ನೀವೇ. ನಾಮಫಲಕ ಕೆತ್ತುವವನಿಂದ ಒಂದು ಅಚ್ಚು ಮಾಡಿಸಿ ಅಡಿಯಲ್ಲಿ ಒತ್ತಿಸಿದೆ. ಅದು ಸೇತುವೆಯಲ್ಲ ಅಪ್ಪಾ, ಕನ್ನಡಕ. ನಿಮ್ಮ ಅಳಿಯನ ಅಂಗಡಿಯ ಡಬ್ಬಿಗಳ ಮೇಲಿರುವ ಗುರುತು, ಕಮಾನಿನಂಥ ಎರಡು ಗಾಜು. ನೀವು ದಡ ಅಂದುಕೊಂಡದ್ದು ಕಿವಿಗೆ ಸಿಕ್ಕಿಸುವ ಕಡ್ಡಿ.

ಇವರು ಕೊಟ್ಟ ಕನ್ನಡಕವನ್ನು ಒಂದು ಸಲ ಮೂಗಿನ ಮೇಲೆ ಇಟ್ಟಿದ್ದರೆ ಸಾಕಿತ್ತು. ನಿಮ್ಮ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ನೀವೊಬ್ಬರೇ ನೋಡಿ ಮುಗಿಸಬಹುದಿತ್ತು. ಅಷ್ಟು ಅವಕಾಶವನ್ನು ನಿಮಗೆ ಕೊಟ್ಟಿದ್ದೆ.

ಪ್ರದರ್ಶನಕ್ಕೆ ನಾವಿಬ್ಬರೂ ಬಂದಿದ್ದೆವು, ಹಿಂದಿನ ಸಾಲಿನಲ್ಲೇ ನಿಂತಿದ್ದೆವು. ನೀವು ಇಸ್ತ್ರಿ ಮಾಡಿದ ಕೋಟು ಹಾಕಿದ್ದಿರಿ. ಬಿಳಿ ಬಟ್ಟೆಯ ಮೇಲೆ ನಳಿಗೆ ಮಲಗಿತ್ತು. ಮ್ಯೂಸಿಯಂನವರು ಭೂತಗನ್ನಡಿ ಹಿಡಿದು ಬಗ್ಗಿದರು. ಎದ್ದು ನಿಮ್ಮ ಮುಖ ನೋಡಿದರು, ಮತ್ತೆ ಬಗ್ಗಿದರು. "ಏನ್ರೀ ಇದು, ಸೇತುವೆಗೆ ಕಿವಿಗೆ ಸಿಗಿಸೋ ಕಡ್ಡಿ ಬಂದಿದೆ!" ಅಂದರು. ಒಬ್ಬೊಬ್ಬರೇ ಬಂದು ಬಗ್ಗಿದರು, ಒಬ್ಬೊಬ್ಬರೇ ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಬಾಯಿ ಬಿಟ್ಟೇ ನಕ್ಕರು. ನೀವು ಮಾತ್ರ ಬೆರಳು ತೋರಿಸಿ, "ಎರಡು ಕಮಾನು, ಎಷ್ಟು ಸ್ಪಷ್ಟವಾಗಿದೆ ನೋಡಿ" ಎಂದು ಹೇಳುತ್ತಲೇ ಇದ್ದಿರಿ. ನನಗೆ ಅದು ಸಿಹಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ನಡೆಯಲಿ ಅಂತಲೇ ನಿಂತಿದ್ದೆ.

ಇವರಿಗೆ ಆಗಲಿಲ್ಲ. ಜನರನ್ನು ತಳ್ಳಿಕೊಂಡು ಮುಂದೆ ಹೋಗಿ, ತಮ್ಮ ಅಂಗಡಿಯ ಗುರುತು ಕಂಡು ಬೆಚ್ಚಿ, ಒಂದು ಕ್ಷಣ ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು. "ತಪ್ಪು ನಂದು. ಅಂಗಡಿ ಜಾಹೀರಾತಿಗೆ ಅಂತ ಮಾಡಿಸಿದ್ದು, ಅಸಲಿ ಬದಲು ಇದನ್ನ ಕಳಿಸಿಬಿಟ್ಟೆ. ಮಾವನೋರದ್ದು ಏನೂ ತಪ್ಪಿಲ್ಲ." ಕತ್ತರಿ, ಕತ್ತರಿ ಎಂದು ಸಭಾಂಗಣವೇ ಹೊರಳಾಡಿ ನಕ್ಕಿತು. ನೀವು ಏನಂದಿರಿ, ನೆನಪಿದೆಯೇ? "ಈ ಕಳ್ಳನ್ನ ಆಚೆ ಹಾಕಿ."

ಕಳ್ಳ ಅವರಲ್ಲ. ನಾನು. ಇದನ್ನು ಹೇಳುವುದಕ್ಕೇ ಬರೆದದ್ದು.

ಮನೆಗೆ ಬಂದು ಇವರು ಕೂಗಾಡಲಿಲ್ಲ. "ಅವರು ಬಾಯಲ್ಲಿ ಮಾಡಿದ್ದನ್ನ ನೀನು ಕೈಯಲ್ಲಿ ಮಾಡಿದೆ. ಥೇಟ್ ನಿಮ್ಮಪ್ಪ" ಅಂದರು. ಅಷ್ಟೇ. ಬೆಳಿಗ್ಗೆ ಅಸಲಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋಗಿ ಮುದುಕಿಗೆ ವಾಪಸ್ ಕೊಟ್ಟರು. ಆಕೆ ಅದನ್ನು ಗಂಡನ ಹೆಸರು ಹೇಳಿ ಹೊಳೆಗೆ ಹಾಕಿದಳಂತೆ. ಇವರು ಅಂಗಡಿಯಲ್ಲೇ ಮಲಗುತ್ತಿದ್ದಾರೆ. ಊಟ ತೆಗೆದುಕೊಂಡು ಹೋದರೆ ಮುಚ್ಚಳ ತೆರೆಯದೆ ಹಿಂದಕ್ಕೆ ಕೊಡುತ್ತಾರೆ.

ನಿಮ್ಮಿಂದ ನನಗೆ ಬಂದದ್ದು ಕಣ್ಣು ಮಾತ್ರ ಎಂದುಕೊಂಡಿದ್ದೆ.

ನಿಮ್ಮ ಮಗಳು


ಅಕ್ಟೋಬರ್ ೧೦

ಸೂಜಿಗಣ್ಣಿಗೆ,

ಇದು ನನ್ನ ಕೈಬರಹವಲ್ಲ. ಬರೆಯುತ್ತಿರುವವನು ಮನೆಕೆಲಸದವಳ ಗಂಡ. ನಿನ್ನ ಪತ್ರವನ್ನು ಓದಿದವನೂ ಅವನೇ. ನಿನ್ನ ಗಂಡ ಮಾಡಿದ ಕನ್ನಡಕ ಅವನ ಮೂಗಿನ ಮೇಲಿದೆ. ನಿನ್ನ ಸಣ್ಣ ಅಕ್ಷರವನ್ನು ಒಂದು ಕಡೆಯೂ ತಡವರಿಸದೆ ಓದಿದ. ಮಧ್ಯೆ ಎರಡು ಸಲ ನಕ್ಕ, ಬೈದ ಮೇಲೆ ನಿಲ್ಲಿಸಿದ.

ಕೂಟದವರು ಈಗ ಬರುತ್ತಿಲ್ಲ. ಭಾನುವಾರ ಕುರ್ಚಿಗಳನ್ನು ಹಾಕಿಸಿ ಕಾಯುತ್ತೇನೆ, ಆಮೇಲೆ ತೆಗೆಸುತ್ತೇನೆ. ಅಸಲಿ ಹೊಳೆ ಸೇರಿತೆಂದು ಕೇಳಿದಾಗ ಮಾತ್ರ ಸ್ವಲ್ಪ ಹೊತ್ತು ಉಸಿರು ಕಟ್ಟಿತು. ನಿನ್ನ ಅಮ್ಮ ಹೋದಾಗ ಹಾಗೆ ಆಗಿರಲಿಲ್ಲ.

ನಿನ್ನ ಬಂದೂಕನ್ನು ದಿನವೂ ಮಡಿಲಲ್ಲಿ ಇಟ್ಟುಕೊಂಡು ನೋಡುತ್ತೇನೆ, ಬೆರಳಿನಲ್ಲೇ. ಕೊಯ್ದ ಜಾಗದಲ್ಲಿ ಅರದ ಗುರುತು ಇಲ್ಲ. ಬೆಸುಗೆ ಹದವಾಗಿದೆ. ತುಕ್ಕು ಬರಿಸಿದ್ದಂತೂ ನನಗಿಂತ ಚೆನ್ನಾಗಿದೆ. ಇಷ್ಟು ವರ್ಷದಲ್ಲಿ ನನ್ನ ಹೆಬ್ಬೆರಳಿಗೆ ಮಣ್ಣು ಮುಕ್ಕಿಸಿದವರು ಇನ್ನೊಬ್ಬರಿಲ್ಲ.

ಭೇಷ್.

ಅವನು ಹೋದರೆ ಹೋಗಲಿ ಬಿಡು, ನಿನಗೆ ಹೊಂದುವ ಭಾಗ ಅವನಾಗಿರಲಿಲ್ಲ. ನಿನ್ನ ಕೋಣೆಯನ್ನು ಗುಡಿಸಿಸಿದ್ದೇನೆ. ಮಾರ್ಚಿನ ಪೆಟ್ಟಿಗೆ ಇನ್ನೂ ತೆರೆದಿಲ್ಲ, ನಂಬರು ಓದುವವರು ಯಾರೂ ಇಲ್ಲ. ಬಾ.

ನಿನ್ನ ಅಪ್ಪ